ಬೆಳಗಿನ ಹಸಿವಿಗೆ ಓಟ್ಸ್ ಕುಕ್ಕಿ: ನಾನು ಮಾಡುವ ಬಗೆ

ಓಟ್ಸ್ ಕುಕ್ಕಿಗೆ ಕೈಚಳಕ ಅಷ್ಟೇನೂ ಬೇಕಿಲ್ಲ, ಕಾಯುವ ತಾಳ್ಮೆ ಬೇಕು. ಎಲ್ಲವನ್ನೂ ಬಟ್ಟಲಿಗೆ ಹಾಕಿ ಕಲಸಲು ಹತ್ತು ನಿಮಿಷ ಸಾಕು. ಆಮೇಲೆ ಅರ್ಧ ಗಂಟೆ ಅದನ್ನು ಸುಮ್ನೆ ಬಿಡಬೇಕು. ಕುಕ್ಕಿ ಹೇಗೆ ಬರುತ್ತದೆ ಅನ್ನುವುದು ಬಹುಪಾಲು ಈ ಅರ್ಧ ಗಂಟೆಯಲ್ಲೇ ನಿರ್ಧಾರವಾಗುತ್ತದೆ. ಯಾಕೆಂದರೆ ಓಟ್ಸ್ ನೀರು ಕುಡಿಯುತ್ತದೆ, ಆದರೆ ಅವಸರ ಮಾಡಿ ಕುಡಿಯುವುದಿಲ್ಲ.

ನಾನು ಎರಡು ಬಗೆಯ ಕುಕ್ಕಿ ಮಾಡುತ್ತೇನೆ. ಒಂದು ಬೆಳಗ್ಗೆ ಕೂತು ತಿನ್ನಲು ಪುರುಸೊತ್ತು ಇಲ್ಲದ ದಿನಗಳಿಗೆ. ಇದಕ್ಕೆ ಬಾಳೆಹಣ್ಣು ಮತ್ತು ಪೀನಟ್ ಬಟರ್ ಹಾಕುತ್ತೇನೆ, ಗೋಧಿ ಹಿಟ್ಟು ಇಲ್ಲ, ಬೆಣ್ಣೆ ಇಲ್ಲ, ಮೆತ್ತಗಿರುತ್ತದೆ. ಇನ್ನೊಂದು ಸಂಜೆ ಹೊತ್ತಿನ ಬಾಯಾಡಿಸುವ ಆಸೆಗೆ. ಇದಕ್ಕೆ ಬೆಣ್ಣೆ ಮತ್ತು ಬ್ರೌನ್ ಶುಗರ್, ಅಂಚು ಗರಿಗರಿ. ಎರಡಕ್ಕೂ ಓಟ್ಸ್ ಕುಕ್ಕಿ ಅಂತಲೇ ಹೆಸರು. ಆದರೆ ಎರಡನೆಯದು ಸಿಹಿತಿಂಡಿಯೇ, ಅದನ್ನು ಬೆಳಗಿನ ತಿಂಡಿ ಅಂತ ನಾನು ಕರೆಯುವುದಿಲ್ಲ.

ಮೊದಲು ಓಟ್ಸ್ ವಿಷಯ. ಪೊಟ್ಟಣದಲ್ಲಿ ಸಾಮಾನ್ಯವಾಗಿ ಮೂರು ಬಗೆ ಸಿಗುತ್ತದೆ. ಸ್ಟೀಲ್ ಕಟ್ ಎಂದರೆ ಇಡೀ ಕಾಳನ್ನು ತುಂಡು ಮಾಡಿದ್ದು. ರೋಲ್ಡ್ ಎಂದರೆ ಕಾಳನ್ನು ಹಬೆಯಲ್ಲಿ ಮೆತ್ತಗೆ ಮಾಡಿ ರೋಲರ್‌ಗಳ ನಡುವೆ ಚಪ್ಪಟೆ ಮಾಡಿದ್ದು. ಕ್ವಿಕ್ ಅಥವಾ ಇನ್‌ಸ್ಟಂಟ್ ಎಂದರೆ ಇನ್ನೂ ತೆಳುವಾಗಿ ಚಪ್ಪಟೆ ಮಾಡಿದ್ದು. ಕುಕ್ಕಿಗೆ ರೋಲ್ಡ್ ಓಟ್ಸ್ ಸರಿ. ಸ್ಟೀಲ್ ಕಟ್ ಹಾಕಿದರೆ ಹಲ್ಲಿಗೆ ಕಲ್ಲು ಸಿಕ್ಕ ಹಾಗಿರುತ್ತದೆ, ಓವನ್ನಿನ ಒಣ ಶಾಖದಲ್ಲಿ ಅಷ್ಟು ಕಡಿಮೆ ಹೊತ್ತಿಗೆ ಅದು ಬೇಯುವುದೇ ಇಲ್ಲ. ಇನ್‌ಸ್ಟಂಟ್ ಹಾಕಿದರೆ ಆಗುತ್ತದೆ, ಆದರೆ ಅಗಿಯಲು ಏನೂ ಉಳಿಯುವುದಿಲ್ಲ, ಎಲ್ಲ ಸೇರಿ ಹಿಟ್ಟಾಗಿಬಿಡುತ್ತದೆ. ಸಕ್ಕರೆ, ಮಸಾಲೆ ಬೆರೆಸಿದ ಪೊಟ್ಟಣಗಳ ತಂಟೆಗೆ ಹೋಗಬೇಡಿ.

ಪೊಟ್ಟಣ ಒಡೆದ ಕೂಡಲೇ ಒಂದು ಹಿಡಿ ತೆಗೆದು ಮೂಸಿ ನೋಡುವುದು ನನ್ನ ಅಭ್ಯಾಸ. ಓಟ್ಸಿನಲ್ಲಿ ಅಕ್ಕಿ, ಗೋಧಿಗಿಂತ ಕೊಬ್ಬಿನಂಶ ಜಾಸ್ತಿ, 100 ಗ್ರಾಂಗೆ ಸುಮಾರು 7 ಗ್ರಾಂ. ಕೊಬ್ಬು ಇದ್ದಲ್ಲಿ ಕಮಟು ಹಿಡಿಯುವ ಭಯ ಇದ್ದದ್ದೇ. ಕಾರ್ಖಾನೆಯಲ್ಲಿ ಹಬೆ ಕೊಡುವುದಕ್ಕೆ ಇದೂ ಒಂದು ಕಾರಣ, ಕೊಬ್ಬನ್ನು ಕೆಡಿಸುವ ಕಿಣ್ವ ಆ ಶಾಖಕ್ಕೆ ಸುಮ್ಮನಾಗುತ್ತದೆ. ಆದರೂ ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಓಟ್ಸ್ ಸಣ್ಣಗೆ ಕಹಿಯಾಗುತ್ತದೆ. ಎಷ್ಟು ದಾಲ್ಚಿನ್ನಿ ಹಾಕಿದರೂ ಆ ಕಹಿ ಮುಚ್ಚಿಹೋಗುವುದಿಲ್ಲ.

ಅಳತೆಗೆ ಅಡುಗೆಮನೆಯ ಪುಟ್ಟ ತಕ್ಕಡಿ ಇದ್ದರೆ ಒಳ್ಳೆಯದು. ಒಂದು ಕಪ್ ಓಟ್ಸ್ ಅಂದರೆ ತುಂಬುವ ಕೈ ನೋಡಿಕೊಂಡು 90 ಗ್ರಾಂ ಆಗಬಹುದು, 100 ಗ್ರಾಮೂ ಆಗಬಹುದು. ಎರಡು ಕಪ್ ಅಳೆಯುವಷ್ಟರಲ್ಲಿ 20 ಗ್ರಾಂ ವ್ಯತ್ಯಾಸ ಬರುತ್ತದೆ. ನೀರು ಕುಡಿಯುವ ವಸ್ತುವಿನಲ್ಲಿ 20 ಗ್ರಾಂ ಸಣ್ಣ ಮಾತಲ್ಲ.

ಬೆಳಗಿನ ಕುಕ್ಕಿಗೆ ನನ್ನ ಲೆಕ್ಕ ಹೀಗೆ. ರೋಲ್ಡ್ ಓಟ್ಸ್ 200 ಗ್ರಾಂ, ಅದರಲ್ಲಿ 50 ಗ್ರಾಮನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಳ್ಳುತ್ತೇನೆ. ಸಿಪ್ಪೆ ತೆಗೆದ ಬಾಳೆಹಣ್ಣು 200 ಗ್ರಾಂ, ಸಕ್ಕರೆ ಇಲ್ಲದ ಪೀನಟ್ ಬಟರ್ 80 ಗ್ರಾಂ, ಒಂದು ಮೊಟ್ಟೆ, ಒಂದು ದೊಡ್ಡ ಚಮಚ ಜೇನು. ಒಣದ್ರಾಕ್ಷಿ ಅಥವಾ ಹೆಚ್ಚಿದ ಖರ್ಜೂರ 50 ಗ್ರಾಂ, ಅಕ್ರೋಟು 40 ಗ್ರಾಂ. ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಒಂದು ಟೀ ಚಮಚ ದಾಲ್ಚಿನ್ನಿ ಪುಡಿ, ಕಾಲು ಟೀ ಚಮಚ ಉಪ್ಪು. ಇಷ್ಟಕ್ಕೆ 40 ಗ್ರಾಂ ತೂಕದ 16 ಕುಕ್ಕಿ ಆಗುತ್ತದೆ.

ಉಪ್ಪನ್ನು ಬಿಡಬೇಡಿ. ಸಿಹಿ ಕಡಿಮೆ ಇರುವ ತಿನಿಸಿಗೆ ಉಪ್ಪು ಇನ್ನೂ ಬೇಕು, ಇಲ್ಲದಿದ್ದರೆ ಎಲ್ಲ ಸಪ್ಪೆ ಸಪ್ಪೆ.

ಬಾಳೆಹಣ್ಣು ಚೆನ್ನಾಗಿ ಕಳಿತಿರಬೇಕು. ಸಿಪ್ಪೆ ಮೇಲೆ ಕಪ್ಪು ಚುಕ್ಕೆಗಳು ತುಂಬಿ, ಮನೆಯಲ್ಲಿ ಯಾರೂ ಮುಟ್ಟದ ಹಣ್ಣು ಇರುತ್ತದಲ್ಲ, ಅದೇ ಇದಕ್ಕೆ ಬೇಕಾದ್ದು. ಹಣ್ಣಾಗುತ್ತಾ ಒಳಗಿನ ಪಿಷ್ಟ ಸಕ್ಕರೆಯಾಗಿ ಬದಲಾಗುತ್ತದೆ. ತೊಟ್ಟಿನ ಹತ್ತಿರ ಇನ್ನೂ ಹಸಿರಿರುವ ಹಣ್ಣಿನಲ್ಲಿ ಆ ಸಿಹಿಯೂ ಇಲ್ಲ, ಫೋರ್ಕಿನಲ್ಲಿ ಒತ್ತಿದರೆ ನುಣ್ಣಗೂ ಆಗುವುದಿಲ್ಲ. ಕಳಿತದ್ದು ಒತ್ತಿದ ಕೂಡಲೇ ಪೇಸ್ಟ್ ಆಗಿ ಹರಿಯುತ್ತದೆ.

ಮೊದಲು ಹಸಿ ಪದಾರ್ಥಗಳನ್ನೆಲ್ಲ ಒಂದೇ ಸಮ ಕಲಸುತ್ತೇನೆ. ಬಾಳೆಹಣ್ಣು, ಪೀನಟ್ ಬಟರ್, ಮೊಟ್ಟೆ, ಜೇನು. ಪೀನಟ್ ಬಟರ್ ಗಟ್ಟಿಯಿದ್ದರೆ ಡಬ್ಬಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಸಡಿಲವಾಗುತ್ತದೆ. ಓಟ್ಸ್ ಪುಡಿಗೆ ಬೇಕಿಂಗ್ ಪೌಡರ್, ಉಪ್ಪು, ದಾಲ್ಚಿನ್ನಿ ಸೇರಿಸಿ ಆಮೇಲೆ ಹಾಕುತ್ತೇನೆ. ಇಡಿಯ ಓಟ್ಸ್, ದ್ರಾಕ್ಷಿ, ಅಕ್ರೋಟು ಕೊನೆಗೆ. ದ್ರಾಕ್ಷಿಯನ್ನು ಹತ್ತು ನಿಮಿಷ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ, ಒರೆಸಿ ಹಾಕಿದರೆ ವಾಸಿ. ಒಣಗಿದ್ದನ್ನೇ ಹಾಕಿದರೆ ಅದೂ ಹಿಟ್ಟಿನ ನೀರಿಗೆ ಬಾಯಿ ಹಾಕುತ್ತದೆ, ಹೊರಗೆ ಕಂಡದ್ದು ಓವನ್ನಿನಲ್ಲಿ ಕರಕಲಾಗುತ್ತದೆ.

ಈಗ ಆ ಅರ್ಧ ಗಂಟೆ. ಕಲಸಿದ ತಕ್ಷಣ ನೋಡಿದರೆ ಹಿಟ್ಟು ಹೊಳೆಯುತ್ತಿರುತ್ತದೆ. ಚಮಚ ಎತ್ತಿದರೆ ಜಾರುತ್ತದೆ, ಬೆರಳಿಗೆಲ್ಲ ಮೆತ್ತಿಕೊಳ್ಳುತ್ತದೆ, ಓಟ್ಸ್ ಎಸಳುಗಳ ಅಂಚು ಬೇರೆ ಬೇರೆಯಾಗಿ ಕಾಣುತ್ತದೆ. ಇದು ತೀರಾ ಸಡಿಲವಾಯಿತು ಅನಿಸಿ ಇನ್ನೊಂದು ಹಿಡಿ ಓಟ್ಸ್ ಸುರಿಯಲು ಕೈ ತುರಿಸುತ್ತದೆ. ಸುರಿಯಬೇಡಿ. ಮುಚ್ಚಿಟ್ಟು ಬೇರೆ ಕೆಲಸ ನೋಡಿಕೊಳ್ಳಿ. ವಾಪಸ್ ಬಂದು ನೋಡಿದರೆ ಹೊಳಪು ಹೋಗಿರುತ್ತದೆ, ಚಮಚ ನೆಟ್ಟಗೆ ನಿಲ್ಲುತ್ತದೆ, ಎಸಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಒದ್ದೆ ಕೈಯಲ್ಲಿ ಉಂಡೆ ಮಾಡಿದರೆ ಬಿರುಕು ಬಿಡುವುದಿಲ್ಲ. ಅದೇ ಹದ.

ಈ ಅಂಟಿಗೆ ಕಾರಣ ಓಟ್ಸಿನಲ್ಲಿರುವ ಬೀಟಾ ಗ್ಲೂಕನ್ ಎಂಬ ಕರಗುವ ನಾರು. ನೀರು ಸೇರಿದರೆ ಅದು ಲೋಳೆಯಾಗುತ್ತದೆ. ಓಟ್ಸ್ ಗಂಜಿ ಮಾಡಿದಾಗ ಕಾಣುವ ಲೋಳೆ ಕೂಡ ಅದೇ. ಕೊಲೆಸ್ಟ್ರಾಲ್ ವಿಷಯದಲ್ಲಿ ಓಟ್ಸ್ ಹೆಸರು ಮಾಡಿದ್ದೂ ಇದರಿಂದಲೇ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪೊಟ್ಟಣದ ಮೇಲೆ ಹೃದಯದ ಆರೋಗ್ಯದ ಮಾತು ಬರೆಯಲು ಒಪ್ಪಿಗೆ ಕೊಟ್ಟಿತು. ಅಲ್ಲಿ ಹೇಳಿದ ಪ್ರಮಾಣ ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕನ್, ಅದೂ ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಇರುವ ಊಟದ ಜೊತೆಗೆ. 100 ಗ್ರಾಂ ಓಟ್ಸಿನಲ್ಲಿ ಇದು ಸುಮಾರು 4 ಗ್ರಾಂ ಇರುತ್ತದೆ. ನನ್ನ ಒಂದು ಕುಕ್ಕಿಯಲ್ಲಿರುವ ಓಟ್ಸ್ ಹನ್ನೆರಡೂವರೆ ಗ್ರಾಂ, ಅಂದರೆ ಬೀಟಾ ಗ್ಲೂಕನ್ ಅರ್ಧ ಗ್ರಾಂ. ಎರಡು ಕುಕ್ಕಿ ತಿಂದು ಕೊಲೆಸ್ಟ್ರಾಲ್ ಓಡಿಹೋಯಿತು ಅಂದುಕೊಂಡರೆ ಅದು ನಮ್ಮ ಭ್ರಮೆ ಅಷ್ಟೇ. ಹೊಟ್ಟೆ ಹೆಚ್ಚು ಹೊತ್ತು ತುಂಬಿದ ಹಾಗಿರುತ್ತದೆ, ನನಗೆ ಅಷ್ಟು ಸಾಕು.

ಉಂಡೆ ಮಾಡಿ ಟ್ರೇ ಮೇಲೆ ಇಟ್ಟ ಮೇಲೆ ಒಂದು ಸೆಂಟಿಮೀಟರ್ ದಪ್ಪಕ್ಕೆ ತಟ್ಟಬೇಕು. ಕುಕ್ಕಿ ಓವನ್ನಿನಲ್ಲಿ ತಾನಾಗಿ ಹರಡುವುದು ಬೆಣ್ಣೆ ಕರಗಿ, ಸಕ್ಕರೆ ನೀರಾಗುವುದರಿಂದ. ಇಲ್ಲಿ ಅವೆರಡೂ ಇಲ್ಲವಲ್ಲ, ಹೀಗಾಗಿ ನೀವು ಯಾವ ಆಕಾರದಲ್ಲಿ ಇಡುತ್ತೀರೋ ಅದೇ ಆಕಾರದಲ್ಲಿ ಬೆಂದು ಬರುತ್ತದೆ. ಉಂಡೆಯನ್ನು ಹಾಗೇ ಬಿಟ್ಟರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ.

ಓವನ್ 175 ಡಿಗ್ರಿ ಸೆಲ್ಸಿಯಸ್‌ಗೆ ಮೊದಲೇ ಕಾದಿರಬೇಕು. ಫ್ಯಾನ್ ಇರುವ ಓವನ್ ಆದರೆ 155ರಿಂದ 160. ಓವನ್ನಿನ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ಒಳಗೆ ಇಡುವ ಸಣ್ಣ ಥರ್ಮಾಮೀಟರ್ ಒಂದಿದ್ದರೆ ಈ ತಲೆಬಿಸಿ ಇಲ್ಲ. ನಡುವಿನ ಅಂತಸ್ತಿನಲ್ಲಿ ಟ್ರೇ, ಅದರ ಮೇಲೆ ಬೇಕಿಂಗ್ ಪೇಪರ್, 14ರಿಂದ 16 ನಿಮಿಷ. ಟ್ರೇ ಕಪ್ಪು ಬಣ್ಣದ್ದಾದರೆ ತಳ ಬೇಗ ಕೆಂಪಾಗುತ್ತದೆ, ಎರಡು ನಿಮಿಷ ಮುಂಚೆಯೇ ಇಣುಕಿ ನೋಡಿ.

ಬೆಂದಿದೆಯಾ ಅಂತ ತಿಳಿಯಲು ಮೇಲಿನ ಬಣ್ಣ ನಂಬಬೇಡಿ, ಬಾಳೆಹಣ್ಣಿನ ಹಿಟ್ಟು ಮೊದಲೇ ಕಂದು. ಒಂದು ಕುಕ್ಕಿಯನ್ನು ಚಪ್ಪಟೆ ಸೌಟಿನಿಂದ ಮೆಲ್ಲಗೆ ಎತ್ತಿ ತಳ ನೋಡಿ. ತಳ ಹೊಂಬಣ್ಣವಾಗಿ, ಅಂಚು ಗಟ್ಟಿಯಾಗಿ, ನಡುವೆ ಬೆರಳಿಟ್ಟರೆ ಇನ್ನೂ ಸ್ವಲ್ಪ ಮೆತ್ತಗಿದ್ದರೆ ತೆಗೆಯುವ ಹೊತ್ತು. ಬಿಸಿ ಟ್ರೇ ಮೇಲೆ ಇನ್ನೊಂದು ಐದು ನಿಮಿಷ ಬೇಯುವ ಕೆಲಸ ನಡೆದೇ ಇರುತ್ತದೆ. ಓವನ್ನಿನೊಳಗೇ ಗಟ್ಟಿಯಾಗಲಿ ಅಂತ ಕಾದರೆ ತಣ್ಣಗಾದ ಮೇಲೆ ರಟ್ಟಿನ ಹಾಗಾಗುತ್ತದೆ. ಐದು ನಿಮಿಷದ ನಂತರ ತಂತಿ ಜಾಲರಿಗೆ ಎತ್ತಿಡಿ. ಟ್ರೇಯಲ್ಲೇ ಪೂರ್ತಿ ಆರಲು ಬಿಟ್ಟರೆ ಅಡಿಯಲ್ಲಿ ಹಬೆ ನಿಂತು ತಳ ಒದ್ದೆಯಾಗುತ್ತದೆ.

ಸಕ್ಕರೆ ಬಗ್ಗೆ ಒಂದು ಮಾತು ಹೇಳಲೇಬೇಕು. ಸಕ್ಕರೆ ಹಾಕಿಲ್ಲ, ಬರೀ ಜೇನು ಹಾಕಿದ್ದೇನೆ ಅಂತ ಹೆಮ್ಮೆಯಿಂದ ಹೇಳುವವರನ್ನು ಕಂಡರೆ ನನಗೆ ನಗು ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಲ್ಲಿ ಜೇನು, ಸಿರಪ್, ಹಣ್ಣಿನ ರಸ ಎಲ್ಲವೂ ಸಕ್ಕರೆಯ ಸಾಲಿನಲ್ಲೇ ಇವೆ. ಇವೆಲ್ಲ ಸೇರಿ ದಿನದ ಶಕ್ತಿಯ 10 ಶೇಕಡಾಕ್ಕಿಂತ ಕಡಿಮೆ ಇರಲಿ ಅನ್ನುತ್ತದೆ ಅದು. 2000 ಕ್ಯಾಲೊರಿ ಊಟಕ್ಕೆ ಅದು 50 ಗ್ರಾಂ. ಇಡೀ ಹಣ್ಣು, ಇಡೀ ಒಣದ್ರಾಕ್ಷಿ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ನಾನು ಆ ಒಂದು ಚಮಚ ಜೇನನ್ನಾದರೂ ಯಾಕೆ ಹಾಕುತ್ತೇನೆ? ಸಿಹಿಗೆ ಅಲ್ಲವೇ ಅಲ್ಲ. ಜೇನು ಬೇಗ ಕೆಂಪಾಗುತ್ತದೆ, ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರುದಿನವೂ ಕುಕ್ಕಿ ಒಣಗದೆ ಇರುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಕೊಡುವುದಾದರೆ ಮಾತ್ರ ಜೇನು ಬೇಡ, ಬೇಯಿಸಿದ್ದಾದರೂ ಬೇಡ.

ಇಷ್ಟೆಲ್ಲ ಹಾಕಿ ಲೆಕ್ಕ ಮಾಡಿದರೆ ಒಂದು ಕುಕ್ಕಿಗೆ ಸುಮಾರು 120 ಕ್ಯಾಲೊರಿ, ಪ್ರೋಟೀನ್ 4 ಗ್ರಾಂ ಹತ್ತಿರ, ನಾರು 2 ಗ್ರಾಂ. ಎರಡು ಕುಕ್ಕಿ, ಒಂದು ಲೋಟ ಹಾಲು, ಬೆಳಗಿನ ಓಟಕ್ಕೆ ಸಾಕು. ನಾಲ್ಕು ತಿಂದರೆ ಅದು ಊಟವೇ. ಒಳ್ಳೆಯ ಪದಾರ್ಥ ಹಾಕಿದ್ದೀವಿ ಅಂತ ಕ್ಯಾಲೊರಿ ಏನೂ ಮಾಯವಾಗುವುದಿಲ್ಲ, ಅಲ್ವಾ?

ಸಂಜೆಯ ಕುಕ್ಕಿಗೆ 100 ಗ್ರಾಂ ಮೆತ್ತಗಿನ ಬೆಣ್ಣೆ, 80 ಗ್ರಾಂ ಬ್ರೌನ್ ಶುಗರ್, ಒಂದು ಮೊಟ್ಟೆ, 90 ಗ್ರಾಂ ಗೋಧಿ ಹಿಟ್ಟು, 150 ಗ್ರಾಂ ಓಟ್ಸ್, 60 ಗ್ರಾಂ ಒಣದ್ರಾಕ್ಷಿ, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು. ಬ್ರೌನ್ ಶುಗರ್‌ನಲ್ಲಿರುವ ಕಾಕಂಬಿಗೆ ಸ್ವಲ್ಪ ಹುಳಿ ಗುಣ ಇರುವುದರಿಂದ ಸೋಡಾ ಕೆಲಸ ಮಾಡುತ್ತದೆ. ಇದಕ್ಕೆ ಹಾಕುವ ಓಟ್ಸನ್ನು ನಾನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಘಮ ಬರುವ ತನಕ ಹುರಿದು, ಆರಿಸಿ ಹಾಕುತ್ತೇನೆ. ರುಚಿ ಎರಡು ಪಟ್ಟು ಆಗುತ್ತದೆ, ಎಸಳೂ ಗಟ್ಟಿಯಾಗಿ ನಿಲ್ಲುತ್ತದೆ. ಈ ಹಿಟ್ಟನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಡಬೇಕು, ಇಲ್ಲವಾದರೆ ಬೆಣ್ಣೆ ಬೇಗ ಕರಗಿ ಒಂದಕ್ಕೊಂದು ಸೇರಿಕೊಳ್ಳುತ್ತವೆ. 30 ಗ್ರಾಂ ಉಂಡೆ, ನಡುವೆ ಐದು ಸೆಂಟಿಮೀಟರ್ ಜಾಗ, ಅದೇ 175 ಡಿಗ್ರಿ, 12 ನಿಮಿಷ. ಸಕ್ಕರೆಯನ್ನು ಇನ್ನೂ ಇಳಿಸಬಹುದು, ಆದರೆ 60 ಗ್ರಾಂಗಿಂತ ಕೆಳಗೆ ಹೋದರೆ ಗರಿಗರಿ ಹೋಗುತ್ತದೆ. ಸಕ್ಕರೆ ಇಲ್ಲಿ ಸಿಹಿಯ ಜೊತೆ ಗರಿಯನ್ನೂ ಕೊಡುತ್ತಿದೆ.

ಮೊಟ್ಟೆ ತಿನ್ನದವರು ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿಗೆ ಮೂರು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಬಳಸಬಹುದು. ಬಾಳೆಹಣ್ಣಿನ ಕುಕ್ಕಿಗೆ ಇದು ಚೆನ್ನಾಗಿ ಒಗ್ಗುತ್ತದೆ, ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಆಗದವರಿಗೆ ಕೊಡುವುದಾದರೆ ಪೊಟ್ಟಣದ ಮೇಲೆ ಗ್ಲುಟೆನ್ ಫ್ರೀ ಅಂತ ಇರುವ ಓಟ್ಸನ್ನೇ ತನ್ನಿ. ಓಟ್ಸಿನಲ್ಲಿ ಗೋಧಿಯ ಗ್ಲುಟೆನ್ ಇಲ್ಲ ನಿಜ, ಆದರೆ ಹೊಲದಲ್ಲಿ, ಗಿರಣಿಯಲ್ಲಿ ಗೋಧಿ, ಬಾರ್ಲಿ ಬೆರೆತಿರುತ್ತದೆ. ಸೀಲಿಯಾಕ್, ಅಂದರೆ ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಕಾಯಿಲೆ, ಇರುವ ಕೆಲವರಿಗೆ ಶುದ್ಧ ಓಟ್ಸ್ ಕೂಡ ಒಗ್ಗುವುದಿಲ್ಲ. ಅಂಥವರು ವೈದ್ಯರನ್ನು ಕೇಳಿಯೇ ತಿನ್ನಬೇಕು.

ಎರಡು ಬಗೆಯನ್ನೂ ಒಂದೇ ಡಬ್ಬಿಯಲ್ಲಿ ಹಾಕಬೇಡಿ. ಮೆತ್ತಗಿನದರ ತೇವ ಗರಿಗರಿಯದಕ್ಕೆ ಹೋಗಿ, ಬೆಳಗಾಗುವಷ್ಟರಲ್ಲಿ ಎರಡೂ ಮೆತ್ತಗಾಗಿರುತ್ತವೆ. ಬೆಣ್ಣೆಯದು ಗಾಳಿಯಾಡದ ಡಬ್ಬಿಯಲ್ಲಿ ಒಂದು ವಾರ ಹೊರಗಡೆಯೇ ಇರುತ್ತದೆ. ಬಾಳೆಹಣ್ಣಿನದು ಹೊರಗೆ ಹೆಚ್ಚೆಂದರೆ ಎರಡು ದಿನ, ಸೆಕೆ ಇದ್ದರೆ ಒಂದೇ ದಿನ, ಆಮೇಲೆ ಫ್ರಿಜ್. ಪೂರ್ತಿ ಆರುವ ಮೊದಲು ಯಾವುದನ್ನೂ ಮುಚ್ಚಬೇಡಿ.

ನಾನು ಈಗೀಗ ಒಂದೇ ಸಲಕ್ಕೆ ಎರಡು ಪಾಲು ಕಲಸಿ, ಅರ್ಧವನ್ನು ಹಸಿಯಾಗಿಯೇ ಫ್ರೀಜರ್‌ಗೆ ಹಾಕುತ್ತೇನೆ. ಬಾಳೆಹಣ್ಣಿನದನ್ನು ತಟ್ಟಿಯೇ ಇಡಬೇಕು, ಹೆಪ್ಪುಗಟ್ಟಿದ ಮೇಲೆ ತಟ್ಟಲು ಬರುವುದಿಲ್ಲ. ಟ್ರೇ ಮೇಲೆ ಬಿಡಿಬಿಡಿಯಾಗಿ ಇಟ್ಟು, ಕಲ್ಲಿನಂತಾದ ಮೇಲೆ ಚೀಲಕ್ಕೆ ತುಂಬಿದರೆ ಅಂಟಿಕೊಳ್ಳುವುದಿಲ್ಲ. ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಬೇಕಾದಾಗ ನಾಲ್ಕು ತೆಗೆದು, ಕರಗಿಸದೆ ನೇರವಾಗಿ ಕಾದ ಓವನ್ನಿಗೆ ಹಾಕಿ, ಮಾಮೂಲಿಗಿಂತ ಎರಡು ಮೂರು ನಿಮಿಷ ಜಾಸ್ತಿ ಕೊಟ್ಟರೆ ಆಯಿತು.