ಸ್ಟೋರ್ಸ್‌ನವರೇ ಕಟ್ಟಿದ ಜಾಬ್ ವರ್ಕ್ ಆ್ಯಪ್

ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಐಟಿ ಕೆಲಸ ಪೂರ್ತಿ ನಾನೊಬ್ಬನೇ ನೋಡಿಕೊಳ್ಳುತ್ತೇನೆ. ಖರೀದಿ, ಸ್ಟಾಕ್, ಲೆಕ್ಕ ನೋಡಿಕೊಳ್ಳಲು ನಮ್ಮಲ್ಲಿರುವ ಸಾಫ್ಟ್‌ವೇರ್ ಇಆರ್‌ಪಿನೆಕ್ಸ್ಟ್. ಓಪನ್ ಸೋರ್ಸ್, ಬ್ರೌಸರ್‌ನಲ್ಲೇ ನಡೆಯುತ್ತದೆ.

ನಮಗೆ ದೊಡ್ಡ ತಲೆನೋವು ಜಾಬ್ ವರ್ಕ್. ಪಿನ್ನು, ಶಾಫ್ಟು ಎಲ್ಲ ಹೀಟ್ ಟ್ರೀಟ್‌ಮೆಂಟ್‌ಗೆ, ಪ್ಲೇಟಿಂಗ್‌ಗೆ ಹೊರಗಡೆ ಹೋಗುತ್ತವೆ. ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಹೋದ ಮಾಲು 1 ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಅಲ್ಲಿಂದಲೇ ಸಪ್ಲೈ ಆಗಬೇಕು. ಎರಡೂ ಆಗದಿದ್ದರೆ ಕಳಿಸಿದ ದಿನವೇ ಮಾರಿದ ಹಾಗೆ ಲೆಕ್ಕ. ತೆರಿಗೆಯ ಜೊತೆಗೆ ಬಡ್ಡಿಯೂ ಬೀಳುತ್ತದೆ. ಈ ಮಾಲಿನ ಲೆಕ್ಕ ಕೊಡುವ ಜಿಎಸ್‌ಟಿ ಫಾರ್ಮ್ ಐಟಿಸಿ-04 ತುಂಬುವ ಹೊತ್ತಿಗೆ ಪ್ರತಿ ಸಲ ಸ್ಟೋರ್ಸ್‌ನ ದಪ್ಪ ರಿಜಿಸ್ಟರ್ ತೆಗೆದು ಪುಟ ತಿರುವುತ್ತಾ ಕೂರುತ್ತಿದ್ದೆವು.

ಇಆರ್‌ಪಿನೆಕ್ಸ್ಟ್‌ನಲ್ಲಿ ಇದಕ್ಕೇ ಸಬ್‌ಕಾಂಟ್ರಾಕ್ಟಿಂಗ್ ಮಾಡ್ಯೂಲ್ ಇದೆ ಅಲ್ವಾ ಎಂದು ಬಲ್ಲವರು ಕೇಳಬಹುದು. ಇದೆ. ಅದು ಪರ್ಚೇಸ್ ಆರ್ಡರ್‌ನಿಂದ ಶುರುವಾಗುತ್ತದೆ. ನಮ್ಮಲ್ಲಿ ಟೆಂಪೋ ಗೇಟಿಗೆ ಬಂದ ಮೇಲೆ ಶುರು.

ಹಾಗಾಗಿ ನಾನೇ ಒಂದು ಫಾರ್ಮ್ ಮಾಡಿಕೊಟ್ಟೆ. ಸ್ಟೋರ್ಸ್ ಇನ್‌ಚಾರ್ಜ್ ಒಂದು ವಾರ ತುಂಬಿದರು, ಆಮೇಲೆ ಮತ್ತೆ ರಿಜಿಸ್ಟರ್ ಹಿಡಿದರು. ಅವರಿಗೆ ಕಂಪ್ಯೂಟರ್ ಒಗ್ಗಲಿಲ್ಲವೇನೋ ಅಂದುಕೊಂಡೆ. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು.

ನಿಜವಾದ ಲೆಕ್ಕಕ್ಕೆ ತಾಗದ ಒಂದು ಟೆಸ್ಟ್ ಸೈಟ್ ತೆರೆದು ಅವರನ್ನೇ ಕೂರಿಸಿದೆ. ಕೋಡ್ ಬರೆಯದೆ ಡಾಕ್‌ಟೈಪ್ (ಇಆರ್‌ಪಿನೆಕ್ಸ್ಟ್‌ನಲ್ಲಿ ಒಂದು ದಾಖಲೆಯ ನಮೂನೆ) ಮಾಡುವುದನ್ನು ಎರಡು ಮಧ್ಯಾಹ್ನ ಕಲಿಸಿದೆ. ಒಂದೊಂದು ಫೀಲ್ಡ್ ಎಳೆದು ಇಟ್ಟು ಸೇವ್ ಮಾಡಿದರೆ ಫಾರ್ಮು, ಲಿಸ್ಟು ತಾನಾಗಿ ಬರುತ್ತವೆ. ಅವರು ಮೊದಲು ಇಟ್ಟಿದ್ದು ಗಾಡಿ ನಂಬರ್. ನಾನು ಅದನ್ನು ಕೊನೆಯಲ್ಲಿ ಇಟ್ಟಿದ್ದೆ. "ಗಾಡಿ ಗೇಟಲ್ಲಿ ನಿಂತಿರುತ್ತೆ ಸಾರ್, ಸೆಕ್ಯುರಿಟಿ ಮೊದಲು ಕೇಳೋದೇ ಅದು" ಅಂದರು. ಆಮೇಲೆ ಪ್ರತಿ ಐಟಂಗೆ ಎರಡು ಕಾಲಂ ಇಟ್ಟರು: ಒಂದು ನಗ, ಒಂದು ಕೆಜಿ. ಯಾಕೆ ಅಂತ ಕೇಳಿದೆ. "ನಾವು ಎಣಿಸಿ ಕಳಿಸ್ತೀವಿ, ಅವರು ತೂಕ ಹಾಕಿ ವಾಪಸ್ ಕೊಡ್ತಾರೆ." ಅದಕ್ಕೇ ಪ್ರತಿ ಸಲ 10 ಪಿನ್ ತೂಗಿ, ಆ ತೂಕವನ್ನು ರಿಜಿಸ್ಟರಿನ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದರು. ನನ್ನ ಫಾರ್ಮ್‌ನಲ್ಲಿ ಆ ಪೆನ್ಸಿಲ್ ಬರಹಕ್ಕೆ ಜಾಗವೇ ಇರಲಿಲ್ಲ. ನಾನು ಇನ್ನೂ ಹತ್ತು ಮೀಟಿಂಗ್ ಮಾಡಿದ್ದರೂ ಇದು ಹೊರಗೆ ಬರುತ್ತಿರಲಿಲ್ಲ.

ಎಡವಿದ್ದೂ ಇದೆ. ಪಾರ್ಟಿ ಹೆಸರನ್ನು ಅವರು ಏನು ಬೇಕಾದರೂ ಟೈಪ್ ಮಾಡಬಹುದಾದ ಸಾದಾ ಡೇಟಾ ಫೀಲ್ಡ್ ಆಗಿ ಇಟ್ಟಿದ್ದರು, ನಾನು ಗಮನಿಸಲಿಲ್ಲ. ಒಂದೇ ಪಾರ್ಟಿ ನಾಲ್ಕು ಸ್ಪೆಲಿಂಗ್‌ನಲ್ಲಿ ಸೇರಿಕೊಂಡು ಬಾಕಿ ಲೆಕ್ಕವೇ ಕೂಡಿ ಬರಲಿಲ್ಲ. ಅದನ್ನು ತೆಗೆದು ಸಪ್ಲೈಯರ್ ಮಾಸ್ಟರ್‌ಗೆ, ಅಂದರೆ ಪಾರ್ಟಿಗಳ ಒಂದೇ ಪಟ್ಟಿಗೆ, ಲಿಂಕ್ ಮಾಡಿದೆವು. ಇನ್ನೊಂದು ಸಲ ಚಲನ್ ಪ್ರಿಂಟ್ ಆದ ಮೇಲೆ ಯಾರೋ 240 ಅನ್ನು 204 ಮಾಡಿದ್ದರು. ಬೇಕಂತ ಮಾಡಿದ್ದಲ್ಲ, ಬೇರೆ ಸಾಲು ತಿದ್ದಲು ಹೋಗಿ ಆಗಿದ್ದು. ಅವತ್ತೇ ಡಾಕ್‌ಟೈಪನ್ನು ಸಬ್ಮಿಟ್ ಆಗುವ ಹಾಗೆ ಮಾಡಿದೆ. ಒಮ್ಮೆ ಸಬ್ಮಿಟ್ ಆದರೆ ತಿದ್ದಲು ಬರುವುದಿಲ್ಲ. ಕ್ಯಾನ್ಸಲ್ ಮಾಡಿ ಅಮೆಂಡ್ ಮಾಡಬೇಕು, ಆಗ ನಂಬರಿನ ಹಿಂದೆ -1 ಸೇರಿಕೊಳ್ಳುತ್ತದೆ.

ಅಲ್ಲಿಂದ ಹಂಚಿಕೊಂಡೆವು. ಫಾರ್ಮ್ ಅವರದು. ಮಾಸ್ಟರ್, ಪರ್ಮಿಷನ್, ಸ್ಕ್ರಿಪ್ಟ್ ನನ್ನದು. ಟೆಸ್ಟ್ ಸೈಟ್‌ನಲ್ಲಿ ಕಟ್ಟಿದ್ದನ್ನು ನಾನು ನೋಡಿದ ಮೇಲೆಯೇ ಲೈವ್‌ಗೆ ಹೋಗುತ್ತದೆ. 270 ದಿನ ದಾಟಿದ ಮಾಲು ಕೆಂಪಾಗಿ ಮೇಲೆ ಕಾಣುವ ರಿಪೋರ್ಟ್ ನಾನು ಬರೆದೆ. ಈಗ ಐಟಿಸಿ-04ಕ್ಕೆ ಅಕೌಂಟ್ಸ್‌ನವರು ಸ್ಟೋರ್ಸ್‌ಗೆ ಬರುವುದೇ ಇಲ್ಲ.

ಕ್ವಾಲಿಟಿಯವರು ಇದನ್ನು ನೋಡಿ ಗೇಜ್ ಕ್ಯಾಲಿಬ್ರೇಷನ್‌ಗೆ ತಾವೇ ಒಂದು ಮಾಡಿಕೊಂಡರು. ಓವರ್‌ಟೈಮ್ ಲೆಕ್ಕಕ್ಕೂ ಒಬ್ಬರು ಕೇಳಿದರು, ನಾನು ಒಪ್ಪಲಿಲ್ಲ. ಅದು ಜನರ ಸಂಬಳಕ್ಕೆ ಹೋಗುವ ಅಂಕಿ. ಅಲ್ಲಿ ಕಲಿಯುತ್ತಾ ತಪ್ಪು ಮಾಡಲು ಜಾಗವಿಲ್ಲ.

ಮೊನ್ನೆ ಸ್ಟೋರ್ಸ್ ಇನ್‌ಚಾರ್ಜ್ ಫಾರ್ಮ್‌ಗೆ ಒಂದು ಫೋಟೋ ಫೀಲ್ಡ್ ಸೇರಿಸಿದ್ದಾರೆ. ಬಿರುಕು ಬಿಟ್ಟು ಬಂದ ಪಿನ್‌ಗಳನ್ನು ಟೆಂಪೋದಿಂದ ಇಳಿಸುವಾಗಲೇ ಮೊಬೈಲ್‌ನಲ್ಲಿ ಹಿಡಿದು ಚಲನ್‌ಗೆ ಅಂಟಿಸುತ್ತಾರೆ, ಡ್ರೈವರ್ ಇನ್ನೂ ಅಲ್ಲೇ ಇರುವಾಗ.