ಬಟವಾಡೆ ಸಂಜೆಯ ಲೆಕ್ಕ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ನಮ್ಮ ಓಣಿಯ ಹೆಂಗಸರಿಗೆ ಕೂಲಿ ಸಿಗುವುದು ವಾರಕ್ಕೊಮ್ಮೆ. ಮಳೆ ಹಿಡಿದರೆ ನೆನೆಸಿದ ಭತ್ತ ಒಣಗುವುದಿಲ್ಲ, ಭಟ್ಟಿ ಉರಿಯುವುದಿಲ್ಲ, ಬಟವಾಡೆ ಅರ್ಧಕ್ಕರ್ಧ. ಮನೆ ಬಾಡಿಗೆ, ಮಕ್ಕಳ ಫೀಸು ಮಾತ್ರ ಮಳೆ ನೋಡಿ ಇಳಿಯುವುದಿಲ್ಲ. ಆ ಸಂದಿಯಲ್ಲೇ ನೂರು ದಿನದ ಸಾಲದವರು ಬರುತ್ತಾರೆ. ಹತ್ತು ಸಾವಿರ ಎಂದು ಬರೆದುಕೊಂಡು ಕೈಗೆ 8,500 ಇಡುತ್ತಾರೆ; ದಿನಕ್ಕೆ ನೂರರಂತೆ ನೂರು ದಿನ ಕಟ್ಟಬೇಕು. ಕೇಳುವವರ ಕಿವಿಗೆ ಅದು ಬರೀ ನೂರಕ್ಕೆ ಹದಿನೈದು. ಅಸಲು ದಿನದಿನಕ್ಕೂ ಕರಗುತ್ತಿರುವುದನ್ನು ಹಿಡಿದು ವರ್ಷದ ಲೆಕ್ಕಕ್ಕೆ ತಂದರೆ ಬಡ್ಡಿ ನೂರಕ್ಕೆ 120ರ ಆಸುಪಾಸು.

ನಾನು ಈ ಓಣಿಗಳ ಮಹಿಳಾ ಉಳಿತಾಯ ಸಂಘಗಳಿಗೆ ಲೆಕ್ಕದ ಪುಸ್ತಕ ಬರೆಯುವವಳು. ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು ಕೃಷಿ, ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಶುರುಮಾಡಿತು. ನಮ್ಮ ರಾಜ್ಯದಲ್ಲಿ 2000ದ ಸುಮಾರಿಗೆ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಊರೂರಲ್ಲೂ ಸಂಘ ಆದವು. ತರಬೇತಿಗೆ ಹೋದವರೆಲ್ಲ ಪಂಚಸೂತ್ರ ಬಾಯಿಪಾಠ ಮಾಡಿ ಬಂದವರೇ: ತಪ್ಪದ ಸಭೆ, ತಪ್ಪದ ಉಳಿತಾಯ, ಉಳಿಸಿದ ದುಡ್ಡಿನಲ್ಲೇ ಸದಸ್ಯೆಯರಿಗೆ ಕೊಡುವ ಒಳಸಾಲ, ಸಕಾಲಕ್ಕೆ ಮರುಪಾವತಿ, ಸರಿಯಾದ ಪುಸ್ತಕ. ಐದರಲ್ಲಿ ನಾನು ಹೆಚ್ಚು ನಂಬುವುದು ಒಳಸಾಲವನ್ನು. ಉಳಿಸಿದ ದುಡ್ಡನ್ನು ಬ್ಯಾಂಕಿನಲ್ಲಿ ಹಾಗೇ ಇಟ್ಟು, ದೊಡ್ಡ ಸಾಲ ಮಂಜೂರಾಗುವ ದಿನಕ್ಕೆ ಕಾಯುವ ಸಂಘಗಳನ್ನು ಬೇಕಾದಷ್ಟು ಕಂಡಿದ್ದೇನೆ. ಖಾತೆಯಲ್ಲಿ ದುಡ್ಡು ಇರುತ್ತದೆ, ಅದೇ ಸದಸ್ಯೆಯರು ಹೊರಗೆ ನೂರು ದಿನದ ಸಾಲ ಕಟ್ಟುತ್ತಿರುತ್ತಾರೆ.

ಅದಕ್ಕೇ ಮೊದಲು ಸಭೆಯ ದಿನ ಬದಲಿಸಿದೆವು. ತಿಂಗಳ ಮೊದಲ ವಾರದ ಸಭೆ ಸಂಬಳದವರಿಗೆ ಸರಿ. ನಮ್ಮವರು ಕೂರುವುದು ಬಟವಾಡೆಯ ಸಂಜೆ. ಕೂಲಿ ಇನ್ನೂ ಸೆರಗಿನ ಗಂಟಿನಲ್ಲಿರುವಾಗಲೇ ಉಳಿತಾಯ ಬರುತ್ತದೆ. ಬಂದ ದುಡ್ಡು ಅಂದೇ ಸಾಲವಾಗಿ ಹೋಗುತ್ತದೆ. ಸಣ್ಣ ಕೈಸಾಲಕ್ಕೆ ಅರ್ಜಿ ಇಲ್ಲ, ಬಾಯಲ್ಲಿ ಕೇಳಿದರೆ ಸಾಕು. ದೊಡ್ಡದಕ್ಕೆ ನಡಾವಳಿ ಬರೆದು ಎಲ್ಲರ ಸಹಿ. ರಾತ್ರಿ ಹೊತ್ತು ಮಗುವಿಗೆ ಜ್ವರ ಬಂದರೆ ಇರಲಿ ಎಂದು ಸ್ವಲ್ಪ ನಗದನ್ನು ಪೆಟ್ಟಿಗೆಯಲ್ಲಿ ಬಿಡುತ್ತೇವೆ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಹತ್ತಿರ. ಲೇವಾದೇವಿಯವನ ಬಲವೇ ಅವನು ರಾತ್ರಿಯಲ್ಲೂ ಸಿಗುತ್ತಾನೆ ಅನ್ನುವುದು. ಅದಕ್ಕೆ ಸಾಟಿ ನಿಲ್ಲದ ಸಂಘ ಎಷ್ಟೇ ಕಡಿಮೆ ಬಡ್ಡಿ ಹಾಕಿದರೂ ಪ್ರಯೋಜನವಿಲ್ಲ.

ಬಡ್ಡಿಯ ವಿಷಯಕ್ಕೆ ಬಂದಾಗ ದೊಡ್ಡ ಗಲಾಟೆಯೇ ಆಯಿತು. ಒಂದು ಫೈನಾನ್ಸಿನ ಏಜೆಂಟು "ನಾವೂ ನೂರಕ್ಕೆ ಎರಡೇ ತಗೊಳ್ಳೋದು" ಎಂದು ಹೇಳಿ ಹೋಗಿದ್ದ. ಸಂಘದ್ದೂ ತಿಂಗಳಿಗೆ ನೂರಕ್ಕೆ ಎರಡೇ. "ಹಂಗಾದ್ರೆ ವಾರವಾರ ಇಲ್ಲಿ ಬಂದು ಕುಂದ್ರೋದು ಯಾಕ್ರೀ ಅಕ್ಕಾ?" ಎಂದು ಸದಸ್ಯೆಯರು ಕೇಳಿದರು. ಬಾಯಲ್ಲಿ ಹೇಳಿ ಗೆಲ್ಲುವ ಮಾತಲ್ಲ ಅದು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಐದು ಸಾವಿರ ಸಾಲ, ಹತ್ತು ತಿಂಗಳು, ತಿಂಗಳಿಗೆ ಐನೂರು ಅಸಲು. ಸಂಘದಲ್ಲಿ ಉಳಿದ ಅಸಲಿಗಷ್ಟೇ ಬಡ್ಡಿ: ಮೊದಲ ತಿಂಗಳು ನೂರು, ಆಮೇಲೆ ತೊಂಬತ್ತು, ಎಂಬತ್ತು, ಕೊನೆಗೆ ಹತ್ತು. ಕೂಡಿದರೆ 550. ಅವನದು ಅಸಲು ತೀರುತ್ತಾ ಬಂದರೂ ಪೂರ್ತಿ ಐದು ಸಾವಿರಕ್ಕೇ ಬಡ್ಡಿ: ಪ್ರತಿ ತಿಂಗಳೂ ನೂರು, ಒಟ್ಟು 1,000. ಓದು ಬಾರದ ಒಬ್ಬ ಅಜ್ಜಿ ಎಲ್ಲರಿಗಿಂತ ಮುಂಚೆ ಹಿಡಿದಳು: "ತೀರಿಸಿದ ರೊಕ್ಕಕ್ಕೂ ಬಡ್ಡಿ ಇಸ್ಕಂತಾನ ಅವ!" ಅಂದಿನಿಂದ ಹೊರಗಿನ ಸಾಲದ ಕಾಗದ ಯಾವುದೇ ಬರಲಿ, ಸಹಿಗೆ ಮುಂಚೆ ಸಭೆಯಲ್ಲಿ ಓದಿಸಿಕೊಳ್ಳುತ್ತಾರೆ. ನಾವು ವಸೂಲು ಮಾಡಿದ 550 ಎಲ್ಲಿಗೂ ಹೋಗುವುದಿಲ್ಲ, ಸಂಘದ ಗಂಟಿಗೇ ಸೇರುತ್ತದೆ.

ಕಂತಿನಲ್ಲೂ ಪುಸ್ತಕದ ನಿಯಮ ಸ್ವಲ್ಪ ಸಡಿಲಿಸಿದ್ದೇವೆ. ಮಳೆಗಾಲದಲ್ಲಿ ಬಡ್ಡಿ ಕಟ್ಟಿದರೆ ಸಾಕು, ಅಸಲು ಬಿಸಿಲು ಬಂದ ಮೇಲೆ. ಬ್ಯಾಂಕಿನವರಿಗೆ ಇದು ಅಷ್ಟು ಹಿಡಿಸುವುದಿಲ್ಲ, ಬಾಕಿಯ ಹಾಗೆ ಕಾಣುತ್ತದೆ. ಸಾಲ ಕೊಡುವಾಗಲೇ ಹಾಗೆಂದು ನಡಾವಳಿಯಲ್ಲಿ ಬರೆದಿಟ್ಟರೆ ಅದು ಬಾಕಿಯಲ್ಲ, ಒಪ್ಪಂದ. ಊರದೇವತೆ ದುಗ್ಗಮ್ಮನ ಜಾತ್ರೆಗೆ ಮಾತ್ರ ಇಂಥ ರಿಯಾಯಿತಿ ಇಲ್ಲ. ಬೀಗರೆಲ್ಲ ಬರುತ್ತಾರೆ, ಕುರಿ ಬೀಳಲೇಬೇಕು, ಖರ್ಚು ಯಾರ ಮಾತೂ ಕೇಳುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬರುತ್ತದೆಂದು ಎಲ್ಲರಿಗೂ ಗೊತ್ತು. ಹಾಗಾಗಿ ಅದಕ್ಕೆ ಬೇರೆ ಉಳಿತಾಯ, ಬೇರೆ ಪುಸ್ತಕ. ಹಬ್ಬಕ್ಕೆ ಸಾಲ ಕೊಡಬಾರದು ಎನ್ನುವ ಉಪದೇಶ ನನಗೆ ಹಿಡಿಸದು, ಅವರು ಎಲ್ಲಿಂದಾದರೂ ತಂದೇ ತರುತ್ತಾರೆ.

2025ರ ಫೆಬ್ರವರಿಯಲ್ಲಿ ಸಾಲ ವಸೂಲಿಯ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ತಪ್ಪಿಗೆ ಹತ್ತು ವರ್ಷದವರೆಗೆ ಜೈಲು. ನಮ್ಮ ಓಣಿಯಲ್ಲಿ ಬಾಗಿಲ ಮುಂದೆ ನಿಂತು ಕೂಗಾಡುವುದು ಕಡಿಮೆಯಾಯಿತು, ಅದು ನಿಜವಾದ ಉಪಕಾರ. ಆದರೆ ಕಾನೂನು ಕೂಗಾಟ ನಿಲ್ಲಿಸಬಹುದು, ರಾತ್ರಿಗೆ ಬೇಕಾದ ಎರಡು ಸಾವಿರ ಕೊಡುವುದಿಲ್ಲ.

ಈಗಿನ ತಲೆನೋವು ಮೊಬೈಲ್ ಸಾಲ. ನೂರು ದಿನದ ಸಾಲವಾದರೆ ಓಣಿಗೇ ಗೊತ್ತಾಗುತ್ತಿತ್ತು, ಆ್ಯಪ್ ಸಾಲ ಮನೆಯವರಿಗೂ ಗೊತ್ತಾಗುವುದಿಲ್ಲ. ಸಾಲದ ಆ್ಯಪ್‌ಗಳು ಫೋನಿನ ನಂಬರ್ ಪಟ್ಟಿಗೆ ಕೈಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಹಾಗೆ ಕೈಹಾಕುವ ಆ್ಯಪ್ ಕಂಡರೆ ಅದು ಕಳ್ಳ ಸಾಲವೆಂದೇ ತಿಳಿಯಿರಿ ಎಂದು ಹುಡುಗಿಯರಿಗೆ ಹೇಳಿದ್ದೇನೆ. ಸಭೆಯ ಕೊನೆಗೆ ಬೇಕಾದವರು ಫೋನ್ ತಂದು ತೋರಿಸುತ್ತಾರೆ, ಅನುಮತಿಗಳನ್ನು ಒಂದೊಂದಾಗಿ ತೆಗೆಸುತ್ತೇವೆ. ತೋರಿಸದವರನ್ನು ಒತ್ತಾಯಿಸುವುದಿಲ್ಲ; ಅವರ ಹೆಸರು ಮುಂದಿನ ವಾರದ ಕೈಸಾಲದ ಸರದಿಯಲ್ಲಿ ಮೊದಲಿರುವಂತೆ ನೋಡಿಕೊಳ್ಳುತ್ತೇನೆ.