ಹಳೆಯ ಸಿ ಪ್ರೋಗ್ರಾಮನ್ನು ಹೊಸ ಕಂಪೈಲರಿಗೆ ಒಗ್ಗಿಸುವ ಬಗೆ

ದಾವಣಗೆರೆಯ ಮೆಕ್ಕೆಜೋಳದ ದಲಾಲಿ ಮಂಡಿಯೊಂದರಲ್ಲಿ ವರ್ಷಗಳಿಂದ ಓಡುತ್ತಿದ್ದ, ಸಿ ಭಾಷೆಯಲ್ಲಿ ಬರೆದ ಲೆಕ್ಕದ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿಗೆ ಸಾಗಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಅದು ಕಂಪೈಲ್ ಆಗಲೇ ಇಲ್ಲ, ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಕಂಪೈಲರ್ ಅದನ್ನು ಒಪ್ಪಲಿಲ್ಲ. ಅದರಲ್ಲಿ ಫಂಕ್ಷನ್ನುಗಳನ್ನು, ಅಂದರೆ ಹೆಸರಿಟ್ಟ ಕೆಲಸದ ತುಣುಕುಗಳನ್ನು, ಮೊದಲೇ ಘೋಷಿಸದೆ ಕರೆಯಲಾಗಿತ್ತು. ಹಾಗೆ ಕರೆಯುವ ಅವಕಾಶವನ್ನು ಭಾಷೆಯ 1999ರ ಮಾನಕವೇ ತೆಗೆದುಹಾಕಿದ್ದರೂ ಜಿಸಿಸಿ ಎಂಬ ಕಂಪೈಲರ್ ಬಹುಕಾಲ ಬರೀ ಎಚ್ಚರಿಕೆ ನೀಡುತ್ತಿತ್ತು. 2024ರಲ್ಲಿ ಬಂದ 14ನೇ ಆವೃತ್ತಿ ಅದನ್ನು ದೋಷವೆಂದೇ ತಿರಸ್ಕರಿಸುತ್ತದೆ.

ಮೊದಲು ಹಳೆಯ ಯಂತ್ರದಲ್ಲಿಯೇ ಒಂದು ದಿನದ ನಿಜವಾದ ಚೀಟಿಗಳನ್ನು, ಅಂದರೆ ತೂಕ, ದರ, ಹಮಾಲಿ, ಕಮಿಷನ್ ಎಲ್ಲವನ್ನೂ ಕೊಟ್ಟು, ಬಂದ ಪಟ್ಟಿಯನ್ನು ಕಡತವಾಗಿ ಉಳಿಸಿಕೊಳ್ಳಿ. ಮುಂದೆ ಪ್ರತಿ ಬದಲಾವಣೆಯಾದ ಮೇಲೂ ಹೊಸ ಪಟ್ಟಿಯನ್ನು ಇದರೊಡನೆ ಪೈಸೆ ಪೈಸೆಗೂ ತಾಳೆ ನೋಡಬೇಕು. ಈ ಹಂತವನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ.

ನಂತರ 1989ರ ಮಾನಕವನ್ನು ಆಯ್ಕೆಯಾಗಿ ಸೂಚಿಸಿ ಕಂಪೈಲ್ ಮಾಡಿದರೆ ಈ ದೋಷ ಸದ್ಯಕ್ಕೆ ಮರೆಯಾಗುತ್ತದೆ, ಆದರೆ ಅಪಾಯ ಉಳಿಯುತ್ತದೆ. ಇನ್ನೊಂದು ಕಡತದಲ್ಲಿದ್ದು ಪಾಯಿಂಟರ್ (ಮೆಮೊರಿಯ ವಿಳಾಸ) ಹಿಂದಿರುಗಿಸುವ ಫಂಕ್ಷನ್ನನ್ನು ಘೋಷಣೆಯಿಲ್ಲದೆ ಕರೆದರೆ, ಅದು ಇಂಟ್ (ಸಾಮಾನ್ಯವಾಗಿ 32 ಬಿಟ್ಟಿನ ಪೂರ್ಣಾಂಕ) ಕೊಡುತ್ತದೆಂದು ಕಂಪೈಲರ್ ಊಹಿಸುತ್ತದೆ. 64 ಬಿಟ್ ಯಂತ್ರದಲ್ಲಿ ವಿಳಾಸದ ಮೇಲಿನ 32 ಬಿಟ್‌ಗಳು ಕತ್ತರಿಸಿಹೋಗಿ, ರೈತರ ಹೆಸರನ್ನು ಓದಬೇಕಾದ ಸಾಲಿನಲ್ಲಿ ಪ್ರೋಗ್ರಾಮೇ ಕುಸಿಯಬಹುದು. ಹಾಗಾಗಿ ಎಲ್ಲ ಘೋಷಣೆಗಳನ್ನೂ ಉಳಿದ ಕಡತಗಳು ಸೇರಿಸಿಕೊಳ್ಳುವ ಒಂದು ಹೆಡರ್ ಕಡತಕ್ಕೆ ತಂದು, ಒಂದೊಂದೇ ಕಡತವನ್ನು ಸರಿಪಡಿಸುತ್ತ ಹೋಗಿ.

ಘೋಷಣೆಗಳಲ್ಲಿ ಆವರಣವನ್ನು ಖಾಲಿ ಬಿಡದೆ ಆರ್ಗ್ಯುಮೆಂಟುಗಳ, ಅಂದರೆ ಫಂಕ್ಷನ್ನಿಗೆ ಕೊಡುವ ಮೌಲ್ಯಗಳ, ಬಗೆಯನ್ನು ಪೂರ್ತಿ ಬರೆಯಿರಿ. ಜಿಸಿಸಿಯ 2025ರ 15ನೇ ಆವೃತ್ತಿ, ಬೇರೆ ಮಾನಕ ಸೂಚಿಸದಿದ್ದರೆ, 2023ರ ಮಾನಕವನ್ನೇ ಆಧಾರವಾಗಿ ಹಿಡಿಯುವುದರಿಂದ, ಖಾಲಿ ಆವರಣವೆಂದರೆ ಆರ್ಗ್ಯುಮೆಂಟೇ ಇಲ್ಲವೆಂದು ಅರ್ಥ. ಕೊನೆಗೆ, ಬಳಸಿದ ಮಾನಕದ ಹೆಸರನ್ನು, ಕಂಪೈಲ್ ಮಾಡುವ ಆದೇಶಗಳಿರುವ ಮೇಕ್‌ಫೈಲಿನಲ್ಲಿ ಸ್ಪಷ್ಟವಾಗಿ ನಮೂದಿಸಿ.